ಸಾವಿರಾರು ಗಿಡುಗಗಳನ್ನು ಒಬ್ಬರೇ ಎಣಿಸೋದು ಹೇಗೆ?

ಪ್ರಶ್ನೆ: ನಾವು ಕೆನಡಾದ ವಿಂಡ್ಸರ್‌ನಲ್ಲಿರುವ ಕನ್ನಡ ಕುಟುಂಬ. ಕಳೆದ ಸೆಪ್ಟೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ಹಾಲಿಡೇ ಬೀಚ್‌ನ ವೀಕ್ಷಣಾ ಗೋಪುರಕ್ಕೆ ಹೋಗಿದ್ದೆವು. ಅಲ್ಲಿ ಒಬ್ಬರು ಬೈನಾಕ್ಯುಲರ್ ಕೆಳಗಿಳಿಸದೆ ಕೈಯಲ್ಲಿ ಟಿಕ್ ಟಿಕ್ ಅಂತ ಏನನ್ನೋ ಒತ್ತುತ್ತಿದ್ದರು. ನಮಗೆ ಕಂಡಿದ್ದು ಬರೀ ನೀಲಿ ಆಕಾಶ. ಗಂಟೆ ಮುಗಿದಾಗ ಅವರು ಸಾವಿರಕ್ಕಿಂತ ಜಾಸ್ತಿ ಗಿಡುಗ ಹೋದವು ಅಂತ ಹಾಳೆಯಲ್ಲಿ ಬರೆದರು. ಇದು ನಿಜವಾದ ಎಣಿಕೆಯಾ, ಇಲ್ಲ ಅಂದಾಜಾ? ಅದೇ ಹಕ್ಕಿ ತಿರುಗಿ ಬಂದರೆ ಎರಡು ಸಲ ಎಣಿಸಿಬಿಡುವುದಿಲ್ಲವಾ ಅಂತ ಒಂಬತ್ತು ವರ್ಷದ ಮಗಳು ಕೇಳುತ್ತಾಳೆ. ಹೀಗೆ ಎಣಿಸಿ ಏನು ಉಪಯೋಗ? ನಾವೂ ಎಣಿಸಬಹುದಾ?

ಉತ್ತರ: ‘ಬರೀ ನೀಲಿ ಆಕಾಶ’ ಅಂತ ಬರೆದಿದ್ದೀರಲ್ಲ, ಎಣಿಸುವವರಿಗೆ ಅದಕ್ಕಿಂತ ಕಷ್ಟದ ಆಕಾಶ ಇನ್ನೊಂದಿಲ್ಲ. ಮೋಡವಿಲ್ಲದ ದಿನ ಹಕ್ಕಿಗಳು ತುಂಬಾ ಮೇಲೆ ಹೋಗುತ್ತವೆ. ಅಷ್ಟು ಎತ್ತರದ ಗಿಡುಗ ಬೈನಾಕ್ಯುಲರ್‌ನಲ್ಲೂ ಸಾಸಿವೆ ಕಾಳಿನಷ್ಟೇ. ಇನ್ನೊಂದು ತೊಂದರೆ ಇದೆ. ಖಾಲಿ ನೀಲಿಯಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆಗ ಅದು ತಾನಾಗಿಯೇ ಹತ್ತಿರಕ್ಕೆ ಫೋಕಸ್ ಆಗಿಬಿಡುತ್ತದೆ. ನೆತ್ತಿಯ ಮೇಲೆಯೇ ಐನೂರು ಹಕ್ಕಿ ದಾಟಿದರೂ ಗೊತ್ತಾಗುವುದಿಲ್ಲ. ಅದೇ ಒಂದಿಷ್ಟು ಬಿಳಿ ಮೋಡ ಬರಲಿ, ಗೋಪುರದ ಮೇಲೆ ಹಬ್ಬ. ಬಿಳಿ ಬಟ್ಟೆ ಮೇಲೆ ರಾಗಿ ಚೆಲ್ಲಿದ ಹಾಗೆ ಹಕ್ಕಿಗಳು ಎದ್ದು ಕಾಣುತ್ತವೆ. ಹಾಗಾಗಿ ನಿಮಗೆ ಕಾಣಲಿಲ್ಲ ಅಂತ ಬೇಜಾರು ಬೇಡ. ನನಗೂ ಮೊದಲನೇ ವರ್ಷ ಪೂರ್ತಿ ಹೀಗೇ ಆಗಿತ್ತು. ಪಕ್ಕದವರು ಬೆರಳು ತೋರಿಸಿದ ಮೇಲೂ ಹುಡುಕಿಕೊಳ್ಳಲು ಅರ್ಧ ನಿಮಿಷ ಬೇಕಾಗುತ್ತಿತ್ತು.

ಎಣಿಕೆಯ ವಿಷಯಕ್ಕೆ ಬರುವ ಮುಂಚೆ, ಅಷ್ಟೊಂದು ಹಕ್ಕಿ ಆ ಒಂದೇ ಜಾಗಕ್ಕೆ ಯಾಕೆ ಬರುತ್ತವೆ ಅಂತ ನೋಡೋಣ. ಎಣಿಸುವ ರೀತಿಯೂ ಅದರಿಂದಲೇ ಹುಟ್ಟಿದ್ದು.

ಸೆಪ್ಟೆಂಬರ್ ಹೊತ್ತಿಗೆ ಪೂರ್ವ ಕೆನಡಾದ ಕಾಡುಗಳಿಂದ ಬೇಟೆಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ಸ್ವಲ್ಪ ದೂರ ಬಂದರೆ ಎದುರಿಗೆ ಈರಿ ಸರೋವರ. ಅಗಲ ರೆಕ್ಕೆಯ ಗಿಡುಗಗಳಿಗೆ ದೊಡ್ಡ ನೀರು ದಾಟುವುದೆಂದರೆ ಆಗದು. ಅವು ರೆಕ್ಕೆ ಬಡಿದು ಹಾರುವುದು ತೀರಾ ಕಡಿಮೆ. ಬಿಸಿಲಿಗೆ ನೆಲ ಕಾದು ಮೇಲೇಳುವ ಬಿಸಿಗಾಳಿಯೇ ಅವುಗಳ ಏಣಿ. ನಮ್ಮ ಊರಿನ ಮಾರ್ಕೆಟ್ ಮೇಲೆ ಮಧ್ಯಾಹ್ನದ ಹೊತ್ತು ಹದ್ದುಗಳು ರೆಕ್ಕೆ ಅಲ್ಲಾಡಿಸದೆ ಸುತ್ತು ಹಾಕುತ್ತಾ ಏರುವುದನ್ನು ನೋಡಿರುತ್ತೀರಿ. ಅದೇ ಗಾಳಿ. ಅದು ಉಳುಮೆಯ ಹೊಲದ ಮೇಲೆ, ಡಾಂಬರಿನ ಮೇಲೆ ಚೆನ್ನಾಗಿ ಏಳುತ್ತದೆ. ಸರೋವರದ ಮೇಲೆ ಹಾಗೆ ಏಳುವುದಿಲ್ಲ. ಹಾಗಾಗಿ ಗಿಡುಗಗಳು ನೀರನ್ನು ಎಡಕ್ಕೆ ಬಿಟ್ಟು, ದಡದ ಉದ್ದಕ್ಕೂ ಪಶ್ಚಿಮಕ್ಕೆ ತಿರುಗುತ್ತವೆ.

ಬಲಕ್ಕೆ, ಉತ್ತರದಲ್ಲಿ, ಸೇಂಟ್ ಕ್ಲೇರ್ ಸರೋವರ. ಎರಡು ನೀರಿನ ನಡುವಿನ ಎಸೆಕ್ಸ್ ಕೌಂಟಿಯ ಚಪ್ಪಟೆ ನೆಲ ಒಂದು ಆಲಿಕೆ ಇದ್ದ ಹಾಗೆ. ಆಮ್ಹರ್ಸ್ಟ್‌ಬರ್ಗ್ ಹತ್ತಿರದ ಹಾಲಿಡೇ ಬೀಚ್ ಆ ಆಲಿಕೆಯ ಸಣ್ಣ ಬಾಯಿಯ ಬಳಿ ಇದೆ. ಅಲ್ಲಿಂದ ಡೆಟ್ರಾಯಿಟ್ ನದಿ ದಾಟಿ, ಮಿಶಿಗನ್ ಕಡೆಯಿಂದ ದಕ್ಷಿಣಕ್ಕೆ ತಿರುಗಿದರೆ, ನೆಲ ಬಿಡದೆ ಟೆಕ್ಸಾಸ್‌ವರೆಗೆ ಹೋಗಬಹುದು. ಮುಂದೆ ಮೆಕ್ಸಿಕೊದ ವೆರಾಕ್ರೂಸ್‌ನಲ್ಲಿ ಎಲ್ಲ ಕಡೆಯ ಹಕ್ಕಿಗಳೂ ಬೆಟ್ಟ ಮತ್ತು ಸಮುದ್ರದ ನಡುವಿನ ಪಟ್ಟಿಯಲ್ಲಿ ಸೇರುತ್ತವೆ. ಅಲ್ಲಿ ಒಂದು ಋತುವಿನಲ್ಲಿ 40 ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳನ್ನು ಎಣಿಸುತ್ತಾರೆ.

ನೀವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ ಅಂದ ಮೇಲೆ ಆ ಸಾವಿರದಲ್ಲಿ ಹೆಚ್ಚಿನವು ಬ್ರಾಡ್‌ವಿಂಗ್ಡ್ ಹಾಕ್ ಆಗಿರಬೇಕು. ಗೋಪುರದ ಮೇಲೆ ಎಲ್ಲರೂ ಸುಮ್ನೆ ‘ಬ್ರಾಡ್‌ವಿಂಗ್’ ಅಂತಾರೆ. ಕಾಗೆಯಷ್ಟು ಗಾತ್ರ, ಸುಮಾರು 400 ಗ್ರಾಂ ತೂಕ. ಇವು ಗುಂಪು ಕಟ್ಟಿಕೊಂಡು ಹೋಗುತ್ತವೆ. ಒಂದಕ್ಕೆ ಬಿಸಿಗಾಳಿ ಸಿಕ್ಕಿ ಅದು ಸುತ್ತಲು ಶುರು ಮಾಡಿದರೆ, ಉಳಿದವು ಅದನ್ನು ನೋಡಿ ಅದೇ ಜಾಗಕ್ಕೆ ಓಡಿ ಬರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಇನ್ನೂರು ಮುನ್ನೂರು ಹಕ್ಕಿ ಒಂದೇ ಕಂಬದಲ್ಲಿ ಸುತ್ತುತ್ತಿರುತ್ತವೆ. ಇದಕ್ಕೆ ಅಲ್ಲಿ ‘ಕೆಟಲ್’ ಅನ್ನುತ್ತಾರೆ. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುವ ಹಾಗೆ ಕಾಣುತ್ತದೆ, ಹೆಸರು ಸರಿಯಾಗಿಯೇ ಇದೆ. ಗಾಳಿಯ ಕಂಬದ ತುದಿ ಮುಟ್ಟಿದ ಮೇಲೆ ಹಕ್ಕಿಗಳು ರೆಕ್ಕೆಯನ್ನು ಅರ್ಧ ಮಡಚಿ, ಒಂದರ ಹಿಂದೆ ಒಂದು ಪಶ್ಚಿಮಕ್ಕೆ ಜಾರುತ್ತವೆ. ಮುಂದಿನ ಬಿಸಿಗಾಳಿ ಸಿಗುವವರೆಗೂ ಹೀಗೇ ಜಾರುತ್ತಾ ಕೆಳಗಿಳಿಯುತ್ತವೆ. ಅಲ್ಲಿ ಮತ್ತೆ ಸುತ್ತು.

ಎಣಿಸುವ ಗುಟ್ಟು ಇಲ್ಲೇ ಇದೆ. ಕುದಿಯುವಾಗ ಎಣಿಸಬಾರದು, ಸುರಿಯುವಾಗ ಎಣಿಸಬೇಕು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಮಧ್ಯಾಹ್ನ ಜೌಗಿನ ಮೇಲೆ ಒಂದು ಕೆಟಲ್ ಎದ್ದಿತ್ತು. ಸುತ್ತುತ್ತಿರುವಾಗಲೇ ಎಣಿಸಿದೆ, 140 ಬಂತು. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಎಣಿಸಿದೆ, 190. ಅಷ್ಟರಲ್ಲಿ ಮೇಲಿನವು ಜಾರಲು ಶುರು ಮಾಡಿದವು. ಬೈನಾಕ್ಯುಲರ್ ಅನ್ನು ಒಂದು ಮೋಡದ ಅಂಚಿಗೆ ನಿಲ್ಲಿಸಿ, ಅಲ್ಲಾಡಿಸದೆ, ಅಂಚು ದಾಟಿದ ಒಂದೊಂದಕ್ಕೂ ಕ್ಲಿಕ್ ಒತ್ತುತ್ತಾ ಹೋದೆ. 212 ಆಯಿತು. ಸುತ್ತುವ ಹಕ್ಕಿಗಳು ಒಂದರ ಹಿಂದೆ ಒಂದು ಮರೆಯಾಗುತ್ತವೆ, ಕೆಳಗಿನಿಂದ ಹೊಸವು ಸೇರುತ್ತಲೇ ಇರುತ್ತವೆ. ಸಾಲಾಗಿ ಜಾರುವಾಗ ಹಾಗಿಲ್ಲ. ಬಸ್ಸಿನ ಒಳಗೆ ನೂಕಾಡುವ ಜನರನ್ನು ಎಣಿಸುವುದಕ್ಕೂ, ಒಬ್ಬೊಬ್ಬರಾಗಿ ಬಾಗಿಲಿನಿಂದ ಇಳಿಯುವಾಗ ಎಣಿಸುವುದಕ್ಕೂ ಇರುವ ವ್ಯತ್ಯಾಸವೇ ಇದು.

ಅವರ ಕೈಯಲ್ಲಿದ್ದ ಟಿಕ್ ಟಿಕ್ ಸಾಮಾನಿಗೆ ಕ್ಲಿಕ್ಕರ್ ಅಂತಾರೆ. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಒಂದು ಸಂಖ್ಯೆ ಏರುತ್ತದೆ. ಕಣ್ಣು ಆಕಾಶದಿಂದ ತೆಗೆಯಬೇಕಿಲ್ಲ, ಬಾಯಲ್ಲಿ ಲೆಕ್ಕ ಹೇಳಿಕೊಳ್ಳಬೇಕಿಲ್ಲ. ಹಕ್ಕಿಗಳು ಇನ್ನೂ ದಟ್ಟವಾಗಿ ಬಂದಾಗ ಹತ್ತಕ್ಕೊಂದು ಕ್ಲಿಕ್ ಒತ್ತುತ್ತೇವೆ. ಮೊದಲು ಹತ್ತು ಹಕ್ಕಿಯನ್ನು ಸರಿಯಾಗಿ ಎಣಿಸಿ, ಹತ್ತು ಅಂದರೆ ಆಕಾಶದಲ್ಲಿ ಎಷ್ಟು ಜಾಗ ಅಂತ ಕಣ್ಣಿಗೆ ಕೂರಿಸಿಕೊಳ್ಳಬೇಕು. ಆಮೇಲೆ ಆ ಅಳತೆಯಲ್ಲೇ ಮುಂದೆ ಹೋಗಬೇಕು. ಕಣದಲ್ಲಿ ಭತ್ತವನ್ನು ಕಾಳು ಕಾಳು ಎಣಿಸುವುದಿಲ್ಲ, ಕೊಳಗದಲ್ಲಿ ಅಳೆಯುತ್ತಾರೆ ಅಲ್ವಾ? ಹಾಗಂತ ಅದನ್ನು ಯಾರೂ ಸುಮ್ನೆ ಅಂದಾಜು ಅನ್ನುವುದಿಲ್ಲ. ಆದರೆ ಕೊಳಗ ಸರಿಯಾಗಿರಬೇಕು, ತುಂಬುವ ಕೈ ಪ್ರತಿ ಸಲ ಒಂದೇ ಥರ ತುಂಬಬೇಕು. ಹಾಗಾಗಿ ಆಗಾಗ ಅಳತೆಯನ್ನು ಪರೀಕ್ಷೆ ಮಾಡಿಕೊಳ್ಳುತ್ತೇವೆ. ಸಾಲಿನ ಒಂದು ತುಂಡನ್ನು ಫೋಟೋ ತೆಗೆದು, ಮನೆಗೆ ಹೋಗಿ ಚುಕ್ಕಿ ಇಟ್ಟು ಎಣಿಸುತ್ತೇವೆ. ಹಾಗೆ ನೋಡಿದಾಗ ದೊಡ್ಡ ಗುಂಪುಗಳಲ್ಲಿ ಮನುಷ್ಯರ ಕಣ್ಣು ಜಾಸ್ತಿ ಹೇಳುವುದಕ್ಕಿಂತ ಕಡಿಮೆ ಹೇಳುವುದೇ ಹೆಚ್ಚು. ನೀವು ನೋಡಿದವರು ಬರೆದ ಸಾವಿರ ಉಬ್ಬಿಸಿದ್ದು ಅಂತ ನನಗೆ ಅನಿಸುವುದಿಲ್ಲ.

ಈಗ ನಿಮ್ಮ ಮಗಳ ಪ್ರಶ್ನೆ. ಒಂಬತ್ತು ವರ್ಷಕ್ಕೆ ಅದು ಹೊಳೆದಿದೆ ಅಂದರೆ ನನಗೆ ನಿಜಕ್ಕೂ ಖುಷಿ. ಗೋಪುರದ ಮೇಲೆ ನಿಂತ ಪ್ರತಿಯೊಬ್ಬರೂ ದಿನವೆಲ್ಲ ಕೇಳಿಕೊಳ್ಳುವ ಪ್ರಶ್ನೆ ಅದೇ.

ಉತ್ತರ ಏನೆಂದರೆ, ನಾವು ಆಕಾಶದಲ್ಲಿರುವ ಹಕ್ಕಿಯನ್ನು ಎಣಿಸುವುದಿಲ್ಲ, ಗೆರೆ ದಾಟಿದ ಹಕ್ಕಿಯನ್ನು ಎಣಿಸುತ್ತೇವೆ. ಗೋಪುರದಿಂದ ಉತ್ತರಕ್ಕೂ ದಕ್ಷಿಣಕ್ಕೂ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳುತ್ತೇವೆ. ಪೂರ್ವದಿಂದ ಬಂದು ಅದನ್ನು ದಾಟಿ ಪಶ್ಚಿಮಕ್ಕೆ ಹೋಗಿಯೇಬಿಟ್ಟರೆ ಒಂದು ಕ್ಲಿಕ್. ದಾಟಿ ವಾಪಸ್ ಬಂದರೆ ಒಂದನ್ನು ಕಳೆಯಬೇಕು. ಬ್ರಾಡ್‌ವಿಂಗ್‌ಗಳಲ್ಲಿ ಈ ತಾಪತ್ರಯ ಕಡಿಮೆ, ಅವು ಹೋಗುವುದೊಂದೇ ಗೊತ್ತಿರುವವು. ತಲೆನೋವು ಕೊಡುವುದು ಟರ್ಕಿ ವಲ್ಚರ್, ತಲೆ ಕೆಂಪಗಿರುವ ಅಮೆರಿಕದ ರಣಹದ್ದು. ಗೋಪುರದವರ ಬಾಯಲ್ಲಿ ಅದು ‘ಟಿವಿ’. ರಾತ್ರಿ ಹತ್ತಿರದ ಮರಗಳಲ್ಲಿ ಮಲಗಿ, ಬೆಳಗ್ಗೆ ಎದ್ದು ಅತ್ತ ನಾಲ್ಕು ಸುತ್ತು, ಇತ್ತ ನಾಲ್ಕು ಸುತ್ತು ಹಾಕುತ್ತವೆ. ಅವುಗಳಲ್ಲಿ ಯಾವುದು ಊರಿನದು, ಯಾವುದು ಪ್ರಯಾಣದ್ದು? ಕೆಲವು ಸಲ ಒಂದರ ಹಿಂದೆಯೇ ಹತ್ತು ನಿಮಿಷ ಕಣ್ಣು ಇಡಬೇಕಾಗುತ್ತದೆ. ಅಲ್ಲೇ ಗೂಡು ಕಟ್ಟಿಕೊಂಡಿರುವ ರೆಡ್‌ಟೇಲ್ಡ್ ಹಾಕ್ ಜೋಡಿಯನ್ನೂ ಮುಖ ಪರಿಚಯ ಮಾಡಿಕೊಂಡಿರಬೇಕು. ಒಂದರ ರೆಕ್ಕೆಯಲ್ಲಿ ಗರಿ ಬಿದ್ದ ಸಂದು ಇರುತ್ತದೆ. ಆ ಸಂದು ಕಂಡ ಕೂಡಲೇ ಬೆರಳು ಕ್ಲಿಕ್ಕರ್‌ನಿಂದ ದೂರ ಸರಿಯುತ್ತದೆ.

ಅನುಮಾನ ಬಂದರೆ? ಎಣಿಸುವುದಿಲ್ಲ. ಬೇಟೆಹಕ್ಕಿ ಅನ್ನುವುದು ಖಚಿತ, ಆದರೆ ಯಾವ ಜಾತಿ ಅಂತ ಗೊತ್ತಾಗಲಿಲ್ಲ ಅಂದರೆ ಅದಕ್ಕೂ ಹಾಳೆಯಲ್ಲಿ ಒಂದು ಸಾಲು ಇದೆ, ‘ಗುರುತು ಸಿಗದ್ದು’ ಅಂತ. ಅದು ಖಾಲಿ ಇದ್ದರೆ ನನಗೆ ಅನುಮಾನ ಜಾಸ್ತಿ. ದಿನವಿಡೀ ದೂರದ ಚುಕ್ಕಿಗಳನ್ನು ನೋಡಿದವರಿಗೆ ಒಂದೂ ಗುರುತು ತಪ್ಪಲಿಲ್ಲ ಅಂದರೆ ನಂಬುವುದು ಕಷ್ಟ.

ಗುರುತು ಹಿಡಿಯುವುದು ಬಣ್ಣದಿಂದ ಅಲ್ಲ. ಅಷ್ಟು ದೂರಕ್ಕೆ ಬಣ್ಣ ಕಾಣುವುದೇ ಇಲ್ಲ. ಆಕಾರ ಮತ್ತು ಹಾರುವ ನಡಿಗೆ ನೋಡಬೇಕು. ಟಿವಿ ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿದು, ಗಾಳಿಗೆ ಅತ್ತಿತ್ತ ವಾಲಾಡುತ್ತದೆ. ಬಾಲ್ಡ್ ಈಗಲ್‌ನದು ಹಲಗೆಯಂತೆ ನೇರ ರೆಕ್ಕೆ. ಶಾರ್ಪ್‌ಶಿನ್ಡ್ ಹಾಕ್, ಅಂದರೆ ಎಲ್ಲರ ಬಾಯಲ್ಲೂ ‘ಶಾರ್ಪಿ’, ನಮ್ಮ ಊರಿನ ಬಿಜ್ಜುವಿನ (ಶಿಕ್ರಾ) ಬಂಧು. ಗಿಡ್ಡ ರೆಕ್ಕೆ, ಉದ್ದ ಬಾಲ, ನಾಲ್ಕೈದು ಬಡಿತ, ಒಂದು ಜಾರು, ಮತ್ತೆ ಬಡಿತ. ಚಾಣಗಳ, ಅಂದರೆ ಫಾಲ್ಕನ್‌ಗಳ, ರೆಕ್ಕೆ ಕುಡುಗೋಲಿನಂತೆ ಚೂಪು. ಓಣಿಯ ತುದಿಯಲ್ಲಿ ಬರುತ್ತಿರುವವರ ಮುಖ ಕಾಣದಿದ್ದರೂ ನಡಿಗೆ ನೋಡಿ ಇಂಥವರೇ ಅಂತ ಹೇಳುತ್ತೇವಲ್ಲ, ಇದೂ ಹಾಗೇ ಬರುತ್ತದೆ. ಪುಸ್ತಕದಿಂದ ಬರುವುದಿಲ್ಲ.

ಇನ್ನು ಆ ಹಾಳೆ. ನೀವು ಅದರಲ್ಲಿ ಹಕ್ಕಿಯ ಸಂಖ್ಯೆ ಮಾತ್ರ ನೋಡಿರಬಹುದು. ಅದರ ಕೆಳಗೆ ಗಂಟೆಗೊಮ್ಮೆ ಬೇರೆ ವಿಷಯಗಳನ್ನೂ ತುಂಬುತ್ತೇವೆ. ಗಾಳಿಯ ದಿಕ್ಕು, ವೇಗ, ಎಷ್ಟು ಮೋಡ, ಎಷ್ಟು ದೂರ ಕಾಣುತ್ತಿದೆ, ಹಕ್ಕಿಗಳು ಬರಿಗಣ್ಣಿಗೆ ಕಂಡವಾ ಇಲ್ಲ ಬೈನಾಕ್ಯುಲರ್ ಬೇಕಾಯಿತಾ, ಎಷ್ಟು ಜನ ನೋಡುತ್ತಿದ್ದೆವು. ಇನ್ನೊಂದು ಸಣ್ಣ ವಿಷಯ. ಬೇಸಿಗೆ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರಲ್ಲ, ಎಣಿಕೆಯ ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲ. ಅಲ್ಲಿ ಯಾವಾಗಲೂ ಸ್ಟಾಂಡರ್ಡ್ ಟೈಮ್. ನವೆಂಬರ್‌ನಲ್ಲಿ ಗಡಿಯಾರ ಬದಲಾದರೂ ಹಾಳೆಯ ಒಂಬತ್ತು ಗಂಟೆ ಸೂರ್ಯನ ಲೆಕ್ಕದಲ್ಲಿ ಒಂಬತ್ತೇ ಆಗಿರಬೇಕು. ಹಕ್ಕಿಗಳು ನೋಡುವುದು ಸೂರ್ಯನನ್ನು.

ಇಷ್ಟೆಲ್ಲ ಯಾಕೆ ಅಂದರೆ, ಒಂದು ದಿನದ ಸಂಖ್ಯೆಗೆ ಅದರಷ್ಟಕ್ಕೇ ಅರ್ಥ ಕಡಿಮೆ. ಉತ್ತರದಿಂದ, ವಾಯವ್ಯದಿಂದ ಗಾಳಿ ಬೀಸಿದರೆ ಹಕ್ಕಿಗಳು ದಡಕ್ಕೆ ಒತ್ತಿಕೊಂಡು ಗೋಪುರದ ಮೇಲೆಯೇ ಹೋಗುತ್ತವೆ. ದಕ್ಷಿಣದ ಗಾಳಿ ಬಂದರೆ ಅವು ಒಳನಾಡಿನ ಮೇಲೆ ಹಂಚಿಹೋಗುತ್ತವೆ, ನಮಗೆ ಕಾಣುವುದೇ ಇಲ್ಲ. ಹಾಲಿಡೇ ಬೀಚ್‌ನಲ್ಲಿ 1984ರ ಸೆಪ್ಟೆಂಬರ್ 15ರಂದು ಒಂದೇ ದಿನ 95,000ಕ್ಕೂ ಹೆಚ್ಚು ಬ್ರಾಡ್‌ವಿಂಗ್ ಹೋದವು. ನದಿಯ ಆಚೆ, ಮಿಶಿಗನ್‌ನ ಲೇಕ್ ಈರಿ ಮೆಟ್ರೋಪಾರ್ಕ್‌ನಲ್ಲಿ 1999ರ ಸೆಪ್ಟೆಂಬರ್ 17ರಂದು 5,55,000ಕ್ಕೂ ಹೆಚ್ಚು. ಕೇಳಿದರೆ ಈಗಲೂ ಮೈ ಜುಂ ಅನ್ನುತ್ತದೆ. ಆದರೆ 1999ರಲ್ಲಿ ಬ್ರಾಡ್‌ವಿಂಗ್‌ಗಳು ಐದಾರು ಪಟ್ಟು ಹೆಚ್ಚಾಗಿದ್ದವು ಅಂತ ಇದರ ಅರ್ಥ ಅಲ್ಲ. ಗಾಳಿ, ಬಿಸಿಲು, ಅದರ ಹಿಂದಿನ ದಿನಗಳ ಹವೆ ಎಲ್ಲ ಕೂಡಿ ಬಂದವು, ಜನ ಸರಿಯಾದ ಜಾಗದಲ್ಲಿ ನಿಂತಿದ್ದರು. ಬ್ರಾಡ್‌ವಿಂಗ್‌ಗಳಲ್ಲಿ ಹೆಚ್ಚಿನವು ಸೆಪ್ಟೆಂಬರ್ ನಡುವಿನ ಕೆಲವೇ ದಿನಗಳಲ್ಲಿ ಹೋಗಿಬಿಡುತ್ತವೆ. ಆ ದಿನಗಳು ತಪ್ಪಿದರೆ ಇಡೀ ವರ್ಷದ ಲೆಕ್ಕ ಬಿದ್ದುಹೋಗುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ದಾಖಲೆಯ ದಿನಕ್ಕಿಂತ ಅಕ್ಟೋಬರ್‌ನ ಒಂದು ಮಂಕು ಮಂಗಳವಾರ ದೊಡ್ಡದು. ಅವತ್ತು ಗಂಟೆಗೆ ಮೂರು ಶಾರ್ಪಿ, ಒಂದು ಸೆಳೆವ (ಹ್ಯಾರಿಯರ್), ಆಮೇಲೆ ಒಂದು ಗಂಟೆ ಪೂರ್ತಿ ಸೊನ್ನೆ. ಆ ಸೊನ್ನೆಯನ್ನೂ ಬರೆಯಲೇಬೇಕು. ಬರೆಯದಿದ್ದರೆ, ಹಕ್ಕಿ ಇರಲಿಲ್ಲವೋ, ನೋಡುವವರು ಇರಲಿಲ್ಲವೋ ಅಂತ ಮೂವತ್ತು ವರ್ಷದ ಮೇಲೆ ಹಾಳೆ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಹಾಲಿಡೇ ಬೀಚ್‌ನಲ್ಲಿ 1974ರಿಂದ ಎಣಿಸುತ್ತಿದ್ದಾರೆ. ಸೆಪ್ಟೆಂಬರ್ 1ರಿಂದ ನವೆಂಬರ್ 30ರವರೆಗೆ, ಪ್ರತಿ ವರ್ಷ, ಅದೇ ಜಾಗ, ಅದೇ ರೀತಿ. ಬೆಲೆ ಇರುವುದು ಆ ‘ಅದೇ’ಗೆ.

ಉಪಯೋಗ ಏನು ಅಂತ ಕೇಳಿದ್ದೀರಿ. ಒಂದು ನಿಜವಾದ ಕತೆ ಹೇಳುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಬೆಟ್ಟ. ಶರತ್ಕಾಲದಲ್ಲಿ ಜನ ಬಂದೂಕು ಹಿಡಿದು ಅಲ್ಲಿ ಸಾಲಾಗಿ ಕೂತು, ಹಾದುಹೋಗುವ ಗಿಡುಗಗಳನ್ನು ಹೊಡೆದು ಉರುಳಿಸುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಹೆಣ್ಣುಮಗಳು ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದರು. ಮಾರಿಸ್ ಬ್ರೌನ್ ಎಂಬವರನ್ನು ಕಾವಲಿಗೆ ಇಟ್ಟರು. ಈಗ ಅದು ಹಾಕ್ ಮೌಂಟನ್ ಅಂತ ಹೆಸರಾಗಿದೆ. ಕಾವಲು ಕಾಯುತ್ತಾ ಬ್ರೌನ್ ಹಾದುಹೋಗುವ ಹಕ್ಕಿಗಳನ್ನು ಎಣಿಸತೊಡಗಿದರು. ಬಾಲ್ಡ್ ಈಗಲ್‌ಗಳಲ್ಲಿ ಎಳೆಯವೆಷ್ಟು, ಬಲಿತವೆಷ್ಟು ಅಂತಲೂ ಬೇರೆ ಬೇರೆಯಾಗಿ ಬರೆದರು. ಅದನ್ನು ಹೇಳುವುದು ಸುಲಭ, ಯಾಕಂದರೆ ಆ ಹದ್ದಿನ ತಲೆ ಮತ್ತು ಬಾಲ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು, ಅಲ್ಲಿಯವರೆಗೆ ಮೈ ಹೆಚ್ಚಾಗಿ ಕಂದು.

1935ರಿಂದ 1939ರವರೆಗೆ ಅಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 1959ರ ಹೊತ್ತಿಗೆ ನೂರಕ್ಕೆ 20. 1957ರಲ್ಲಿ 32 ಬಲಿತ ಹದ್ದುಗಳಿಗೆ ಒಂದೇ ಒಂದು ಎಳೆಯದು. ಅಂದರೆ ದೊಡ್ಡವು ಇದ್ದವು, ಮರಿ ಆಗುತ್ತಿರಲಿಲ್ಲ. 1962ರಲ್ಲಿ ರೇಚಲ್ ಕಾರ್ಸನ್ ಕೀಟನಾಶಕಗಳ ಬಗ್ಗೆ ಬರೆದ ‘ಸೈಲೆಂಟ್ ಸ್ಪ್ರಿಂಗ್’ನಲ್ಲಿ ಈ ಅಂಕಿಗಳನ್ನು ಮುಂದಿಟ್ಟರು. ಡಿಡಿಟಿ ಎಂಬ ಕೀಟನಾಶಕ ಮೀನಿನ ಮೂಲಕ ಹದ್ದಿನ ಮೈ ಸೇರಿ, ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವು ಕೂತರೆ ಒಡೆದುಹೋಗುತ್ತಿತ್ತು ಅನ್ನುವುದು ಮುಂದೆ ಖಚಿತವಾಯಿತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಈಗ ನೀವು ಹಾಲಿಡೇ ಬೀಚ್‌ಗೆ ಹೋದರೆ ಬಾಲ್ಡ್ ಈಗಲ್ ಕಾಣುವುದು ದೊಡ್ಡ ಸುದ್ದಿಯೇ ಅಲ್ಲ.

ಬ್ರೌನ್ ಎಣಿಸಲು ಶುರು ಮಾಡಿದಾಗ ಡಿಡಿಟಿ ಹೊಲಕ್ಕೆ ಬಂದೇ ಇರಲಿಲ್ಲ. ಯಾವುದನ್ನೂ ಸಾಬೀತು ಮಾಡಲು ಹೊರಟವರಲ್ಲ ಅವರು. ಮೊದಲೇ ಎಣಿಸಿ ಇಟ್ಟಿದ್ದರಿಂದ ಆಮೇಲೆ ಹೋಲಿಸಲು ಏನೋ ಒಂದು ಇತ್ತು. ಇವತ್ತು ಅಮೆರಿಕನ್ ಕೆಸ್ಟ್ರೆಲ್ ಎಂಬ ಪುಟ್ಟ ಚಾಣ ಪೂರ್ವ ಭಾಗದ ಹಲವು ಗೋಪುರಗಳಲ್ಲಿ ಕಡಿಮೆಯಾಗುತ್ತಾ ಬಂದಿದೆ. ಹಾಳೆಗಳು ಇಲ್ಲದಿದ್ದರೆ ಅದು ಬರೀ ‘ಮೊದಲೆಲ್ಲ ಜಾಸ್ತಿ ಕಾಣ್ತಿದ್ವು’ ಅನ್ನುವ ಹರಟೆಯಾಗಿ ಉಳಿಯುತ್ತಿತ್ತು.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಎಣಿಕೆ ಇಳಿದರೆ ಹಕ್ಕಿಯೇ ಇಳಿದಿದೆ ಅಂತ ತೀರ್ಮಾನಿಸಬಾರದು. ರೆಡ್‌ಟೇಲ್‌ಗಳು ಹಲವು ಕಡೆ ಎಣಿಕೆಯಲ್ಲಿ ಕಡಿಮೆಯಾದವು, ಆದರೆ ಅದೇ ಸಮಯಕ್ಕೆ ಉತ್ತರದ ಊರುಗಳಲ್ಲಿ ಚಳಿಗಾಲದಲ್ಲಿ ಹೆಚ್ಚು ಕಾಣತೊಡಗಿದವು. ಚಳಿ ಕಡಿಮೆಯಾದ ಕಡೆ ಅವು ಅಲ್ಲೇ ಉಳಿದುಬಿಡುತ್ತಿವೆ. ಗೆರೆ ದಾಟದವನ್ನು ನಾವು ಎಣಿಸಲಾರೆವು.

ಕೊನೆಗೆ, ನೀವೂ ಎಣಿಸಬಹುದಾ? ಖಂಡಿತ. ಗೋಪುರದಲ್ಲಿ ಎಣಿಸುವವರೆಲ್ಲ ಹೀಗೇ ಒಂದು ದಿನ ಸುಮ್ನೆ ನೋಡಲು ಬಂದವರೇ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಬೈನಾಕ್ಯುಲರ್ ಸಾಕು. 10x ಅಂದರೆ ಹತ್ತಿರ ಕಾಣುತ್ತದೆ ನಿಜ, ಆದರೆ ಕೈ ನಡುಕವೂ ಅಷ್ಟೇ ಹಿಗ್ಗಿ ಕಾಣುತ್ತದೆ. ತಣ್ಣನೆ ಗಾಳಿ ಬಂದು, ಮಳೆ ಮುಗಿದು, ಗಾಳಿ ಉತ್ತರಕ್ಕೆ ತಿರುಗಿದ ಮರುದಿನ ಹೋಗಿ. ಬಿಸಿಗಾಳಿ ಏಳಲು ನೆಲ ಕಾಯಬೇಕು, ಆದ್ದರಿಂದ ಬ್ರಾಡ್‌ವಿಂಗ್‌ಗೆ ಒಂಬತ್ತು ಗಂಟೆಯ ಮೇಲೆ ಹೋದರೂ ನಡೆಯುತ್ತದೆ. ಆ ಗೋಪುರ ಸುಮಾರು 40 ಅಡಿ ಎತ್ತರ, ಮೇಲೆ ಗಾಳಿ ಕೊರೆಯುತ್ತದೆ. ಕೆಳಗೆ ಬೆಚ್ಚಗಿದೆ ಅಂತ ಮಗಳ ಜಾಕೆಟ್ ಕಾರಿನಲ್ಲಿ ಬಿಡಬೇಡಿ. ಮೋಡ ಇದ್ದರೆ ಮೋಡದ ಅಂಚನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ಸವರಿ. ಮೋಡವಿಲ್ಲದಿದ್ದರೆ ಮೊದಲು ದೂರದ ಮರದ ತುದಿಗೆ ಫೋಕಸ್ ಮಾಡಿಕೊಂಡು ಆಮೇಲೆ ಮೇಲೆತ್ತಿ. ಕಣ್ಣು ದೂರದಲ್ಲೇ ನಿಂತಿರುತ್ತದೆ.

ಊರಿಗೆ ಹೋದಾಗಲೂ ಇದನ್ನು ಬಿಡಬೇಕಿಲ್ಲ. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಬಯಲಿಗೆ, ಜೋಳದ ಹೊಲಗಳಿಗೆ ಮಧ್ಯ ಏಷ್ಯಾದ ಕಡೆಯಿಂದ ಸೆಳೆವಗಳು ಬರುತ್ತವೆ. ಸಂಜೆ ಸೂರ್ಯ ಇಳಿಯುವಾಗ ಅವು ಹುಲ್ಲುಗಾವಲಿಗೆ ಬಂದು ನೆಲದ ಮೇಲೆಯೇ ಮಲಗುತ್ತವೆ. ದೂರದಲ್ಲಿ ಕೂತು, ಹುಲ್ಲಿಗೆ ಇಳಿದವನ್ನು ಮಾತ್ರ ಎಣಿಸಿ, ಮತ್ತೆ ಎದ್ದವನ್ನು ಕಳೆಯಿರಿ. ಅಲ್ಲಿ ಗೆರೆ ಅಂದರೆ ಹುಲ್ಲಿನ ತುದಿ.

ನಿಮ್ಮ ಮಗಳಿಗೆ ಮಾತ್ರ ಗಿಡುಗದಿಂದ ಶುರು ಮಾಡಿಸಬೇಡಿ. ಸಾಸಿವೆ ಕಾಳು ಹುಡುಕಿ ಹುಡುಕಿ ಕುತ್ತಿಗೆ ನೋವು ಬಂದು ಬೇಸರವಾಗಿಬಿಡುತ್ತದೆ. ಸೆಪ್ಟೆಂಬರ್ ಕೊನೆಯ ವಾರ, ಬೆಳಗ್ಗೆ ಬೇಗ ಕರೆದುಕೊಂಡು ಹೋಗಿ. ಆಗ ಬ್ಲೂ ಜೇಗಳು ಮರದ ತುದಿಯ ಎತ್ತರದಲ್ಲೇ ಪಶ್ಚಿಮಕ್ಕೆ ಹೋಗುತ್ತಿರುತ್ತವೆ, ಸಾಲು ಸಾಲಾಗಿ, ಸದ್ದಿಲ್ಲದೆ, ಸಾವಿರಗಟ್ಟಲೆ. ಬೈನಾಕ್ಯುಲರ್ ಬೇಕೇ ಆಗುವುದಿಲ್ಲ. ಒಂದು ಒಣಮರವನ್ನು ಅವಳ ಗೆರೆ ಅಂತ ತೋರಿಸಿ, ಕೈಗೆ ಕ್ಲಿಕ್ಕರ್ ಕೊಡಿ. ಮೊದಲ ಐದು ನಿಮಿಷ ಒಂದಕ್ಕೊಂದು ಕ್ಲಿಕ್, ಆಮೇಲೆ ಹತ್ತಕ್ಕೊಂದು. ನೀವು ಪಕ್ಕದಲ್ಲಿ ನಿಂತು ಬೇರೆಯಾಗಿ ಎಣಿಸಿ. ಇಬ್ಬರ ಲೆಕ್ಕವೂ ಬೇರೆ ಬೇರೆ ಬರುತ್ತದೆ, ಬರಲಿ. ಎರಡನ್ನೂ ಬರೆದುಕೊಳ್ಳಿ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನುವುದನ್ನೂ.